ಹಿಟ್ಟಿನ ಕಡೆ, ಬೆಂಕಿಯ ಕಡೆ

ಅಪ್ಪನ ಕಣ್ಣು ಮಂದವಾದ ಸಂಗತಿ ಮನೆಯವರಿಗಿಂತ ಮೊದಲು ಬ್ರೆಡ್ಡಿಗೆ ಗೊತ್ತಾಯಿತು. ಹದವಾಗಿ ಕೆಂಪೇರಬೇಕಿದ್ದ ಬ್ರೆಡ್ಡು ಒಂದು ದಿನ ಬಿಳಿಚಿಕೊಂಡು ಹಸಿಹಸಿಯಾಗಿ ಹೊರಬಂತು, ಮಾರನೆಯ ದಿನ ಇದ್ದಿಲಾಗಿ ಬಂತು. ಅಪ್ಪ ಮೊದಲು ಸೌದೆಯನ್ನು ಬೈದ. ಆಮೇಲೆ ಹಿಟ್ಟು ತಂದು ಹಾಕುವವನನ್ನು ಬೈದ. ಬೈಯಲು ಹೊರಗಿನವರು ಯಾರೂ ಉಳಿಯದೆ ಹೋದಾಗ ಅಮ್ಮನನ್ನು ಬೈಯತೊಡಗಿದ. ಅಮ್ಮ ಹಿಟ್ಟು ನಾದುತ್ತಾ ಕೇಳಿಸಿಕೊಂಡಳು. ಕೊನೆಗೆ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಆಯುಷ್ಯವೆಲ್ಲ ಬೆಂಕಿ ನೋಡಿ ನೋಡಿ ಒಳಗಿನ ಪರದೆಯೇ ಬೆಂದಿದೆ, ಕತ್ತರಿ ಹಾಕಿ ಸರಿಮಾಡುವಂಥದ್ದಲ್ಲ ಎಂದರು. ಅಪ್ಪ ಮನೆಗೆ ಬಂದು ಬೆಂಚಿನ ಮೇಲೆ ಕೂತು, ಡಾಕ್ಟರಿಗೇ ಕಣ್ಣು ಕಾಣುವುದಿಲ್ಲ ಎಂದ.

ಅವರದು ಸೌದೆ ಭಟ್ಟಿಯ ಹಳೆಯ ಬೇಕರಿ. ಬೀದಿಗೆ ತೆರೆದುಕೊಂಡ ಅಂಗಡಿ, ಅದರ ಹಿಂದೆ ಹಿಟ್ಟಿನ ಕೋಣೆ, ಅದರ ಹಿಂದೆ ಭಟ್ಟಿಯ ಕೋಣೆ. ಹಿಟ್ಟಿನ ಕೋಣೆಗೂ ಭಟ್ಟಿಯ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕಿಂಡಿ ಇತ್ತು. ಹೆಂಗಸರು ಉಂಡೆ ಕಟ್ಟಿದ ಹಿಟ್ಟನ್ನು ಹಲಗೆಯ ಮೇಲೆ ಸಾಲಾಗಿಟ್ಟು ಕಿಂಡಿಯಲ್ಲಿ ತಳ್ಳಬೇಕು. ಗಂಡಸರು ಆಚೆ ನಿಂತು ಎಳೆದುಕೊಂಡು, ಉದ್ದ ಹಿಡಿಯ ಮರದ ಸಲಿಕೆಯಿಂದ ಭಟ್ಟಿಯೊಳಗೆ ಬಿಡಬೇಕು. ಭಟ್ಟಿಗೆ ಹೋಗುವ ದಾರಿ ಹಿತ್ತಲ ಕಡೆಯಿಂದ. ಆ ದಾರಿಯಲ್ಲಿ ಮನೆಯ ಹೆಂಗಸರು ಯಾರೂ ನಡೆದವರಲ್ಲ.

ಯಾಕೆ ಎಂದು ಕೇಳಿದರೆ ಅಮ್ಮ ಕತೆ ಹೇಳುತ್ತಿದ್ದಳು. ಅದು ಅವಳ ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ ಹೇಳಿದ್ದು. ನಾದುವ ಕೈಯ ಲಯಕ್ಕೆ ಸರಿಯಾಗಿ ಹೇಳುವಂಥದ್ದು. ಮೊದಲು ಏನೂ ಇರಲಿಲ್ಲ, ಕತ್ತಲಿತ್ತು. ಕತ್ತಲಲ್ಲಿ ಒಂದು ಹಿಟ್ಟಿನ ಮುದ್ದೆ ಇತ್ತು, ಅದು ಹೆಣ್ಣು. ಅದಕ್ಕೆ ಉಬ್ಬುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ. ಉಬ್ಬಿತು, ಹುಳಿಯಾಯಿತು, ಕುಸಿಯಿತು, ಮತ್ತೆ ಉಬ್ಬಿತು. ಆಗ ಬೆಂಕಿ ಬಂತು, ಅದು ಗಂಡು. ಬೆಂಕಿ, ನಿಲ್ಲು ಎಂದಿತು. ಹಿಟ್ಟು ನಿಂತಿತು. ನಿಂತದ್ದೇ ನೆಲವಾಯಿತು, ಸೀದದ್ದು ಬೆಟ್ಟವಾಯಿತು, ಒಳಗಿನ ತೂತುಗಳಲ್ಲಿ ನೀರು ತುಂಬಿತು. ಹೀಗೆ ಲೋಕವಾಯಿತು. ಅದಕ್ಕೇ ಹೆಣ್ಣು ಹಿಟ್ಟಿನ ಕಡೆ, ಗಂಡು ಬೆಂಕಿಯ ಕಡೆ. ಭಟ್ಟಿಯ ಬಾಯಿಗೆ ಎದುರು ನಿಂತ ಹೆಣ್ಣಿನ ಹೊಟ್ಟೆ ಮತ್ತೆ ಉಬ್ಬುವುದಿಲ್ಲ.

ಕತೆ ಮುಗಿದಾಗ ಹಿಟ್ಟು ಹದಕ್ಕೆ ಬಂದಿರುತ್ತಿತ್ತು. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ.

ಮನೆಯ ಚಿಕ್ಕ ಮಗಳು ಆ ಕತೆಯನ್ನು ಕೇಳುತ್ತಲೇ ಬೆಳೆದಳು. ಅವಳು ಮಾತಾಡಿದರೆ ಪಕ್ಕದವರಿಗೂ ಕೇಳಿಸದು ಎಂದು ಎಲ್ಲರೂ ಅವಳನ್ನು ಮೆಲ್ಲಿ ಎನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವಳ ಜಾಗ ಕಿಂಡಿಯ ಪಕ್ಕ. ಹಲಗೆ ತಳ್ಳುವುದು, ಖಾಲಿ ಹಲಗೆ ಎಳೆದುಕೊಳ್ಳುವುದು, ಹೆರೆದು ಒರೆಸುವುದು. ಭಟ್ಟಿಯ ಗಾಳಿ ಕಿಂಡಿಯಿಂದಲೇ ಈಚೆಗೆ ನುಗ್ಗುತ್ತಿತ್ತು. ಆ ಗಾಳಿಯಲ್ಲಿ ಬ್ರೆಡ್ಡು ಮೊದಲು ಒದ್ದೆ ಬಟ್ಟೆಯಂತೆ ನಾರುತ್ತದೆ, ಆಮೇಲೆ ಹಾಲಿನಂತೆ, ಆಮೇಲೆ ಬಿಸಿಲಿಗೆ ಹಾಕಿದ ಹುಲ್ಲಿನಂತೆ. ಹುಲ್ಲಿನ ವಾಸನೆ ಸುಟ್ಟ ಸಕ್ಕರೆಯ ಕಡೆಗೆ ವಾಲುವ ಮುಂಚೆ ತೆಗೆಯಬೇಕು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ. ಆಚೆ ನಿಂತು ತೆಗೆಯಬೇಕೆಂಬ ಆಸೆಯನ್ನಂತೂ ಹೇಳುವ ಹಾಗೇ ಇರಲಿಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ಅವಳು ಕಿಂಡಿಯೊಳಗೆ ಕೈಚಾಚಿ, ಗೋಡೆಗೆ ಒರಗಿಸಿಟ್ಟ ಸಲಿಕೆಯ ಹಿಡಿಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಅಪ್ಪನ ಸಲಿಕೆ ಅಣ್ಣನ ಕೈಗೆ ಬಂತು. ಅಣ್ಣ ಒಳ್ಳೆಯವನು, ಆದರೆ ಅವನಿಗೆ ಬೆಂಕಿ ಎಂದರೆ ಹೆದರಿಕೆ. ಭಟ್ಟಿಯ ಬಾಗಿಲು ತೆರೆದಾಗಲೆಲ್ಲ ಮುಖ ಅತ್ತ ತಿರುಗಿಸಿಕೊಂಡೇ ಸಲಿಕೆ ತೂರಿಸುತ್ತಿದ್ದ. ಹಿಟ್ಟು ಅವನ ಕೈಗೆ ಒಲಿಯುತ್ತಿತ್ತು. ಚಿಕ್ಕವನಿದ್ದಾಗ ಅಮ್ಮನ ಪಕ್ಕ ಕೂತು ಒಂದೇ ಅಳತೆಯ ಉಂಡೆ ಕಟ್ಟುತ್ತಿದ್ದ. ಮೀಸೆ ಮೂಡಿದ ವರ್ಷ ಅಮ್ಮನೇ ಅವನ ಕೈಗೆ ಹೊಡೆದು ಆಚೆಗೆ ಕಳಿಸಿದ್ದಳು.

ಮೊದಲ ವಾರ ಅಣ್ಣ ಸುಟ್ಟದ್ದು ನಾಯಿಗಳಿಗೂ ಮಿಕ್ಕಿತು. ಒಂದು ಬೆಳಿಗ್ಗೆ ಮೆಲ್ಲಿಗೆ ತಡೆಯಲಾಗಲಿಲ್ಲ. ಹುಲ್ಲಿನ ವಾಸನೆ ವಾಲುತ್ತಿತ್ತು, ಅಣ್ಣ ಆಚೆ ಸುಮ್ಮನೆ ನಿಂತಿದ್ದ. ಅವಳು ಹಲಗೆಯ ಅಂಚಿಗೆ ಹೆರೆಯುವ ತಗಡಿನಿಂದ ಮೆತ್ತಗೆ ತಟ್ಟಿದಳು. ಅಣ್ಣ ಕಿಂಡಿಯಲ್ಲಿ ಬಗ್ಗಿ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಬಾಗಿಲು ತೆರೆದು ಎಳೆದ. ಬ್ರೆಡ್ಡು ಅಪ್ಪನ ಕಾಲದ ಬಣ್ಣದಲ್ಲಿ ಹೊರಬಂತು.

ಅಂದಿನಿಂದ ಅದೇ ಪದ್ಧತಿಯಾಯಿತು. ಮೆಲ್ಲಿ ತಟ್ಟುತ್ತಾಳೆ, ಅಣ್ಣ ತೆಗೆಯುತ್ತಾನೆ. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಅಮ್ಮ ನೋಡಿಯೂ ನೋಡದವಳಂತೆ ಇದ್ದಳು. ಅತ್ತಿಗೆ ಮಾತ್ರ ನಗುತ್ತಾ, ನನ್ನ ಗಂಡನನ್ನು ಎತ್ತಿನ ಹಾಗೆ ಓಡಿಸುತ್ತೀಯಲ್ಲೇ ಎಂದು ಅವಳ ಬೆನ್ನಿಗೆ ಹಿಟ್ಟಿನ ಕೈ ಒತ್ತುತ್ತಿದ್ದಳು. ಮೆಲ್ಲಿಯ ರವಿಕೆಯ ಬೆನ್ನಿನ ಮೇಲೆ ಸದಾ ಐದು ಬಿಳಿ ಬೆರಳು ಮೂಡಿರುತ್ತಿದ್ದವು. ಗಂಡಸರು ಉಂಡೆದ್ದ ಮೇಲೆ ಅತ್ತೆ, ಸೊಸೆ, ಮಗಳು ಮೂವರೂ ಅಡುಗೆಮನೆಯಲ್ಲಿ ಕಾಲುಚಾಚಿ ಕೂತು, ಪಾತ್ರೆಯಲ್ಲಿ ಉಳಿದದ್ದನ್ನೇ ಹಂಚಿಕೊಂಡು, ಬೀದಿಯವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಮೆಲ್ಲಿಯ ದನಿ ಏರುತ್ತಿದ್ದದ್ದು ಅಲ್ಲಿ ಮಾತ್ರ. ಬೀದಿಯ ತಾತ ಕೆಮ್ಮುವುದನ್ನು ಅವಳು ಅನುಕರಿಸಿದರೆ ನಕ್ಕು ನಕ್ಕು ಅಮ್ಮನಿಗೆ ತುತ್ತು ನೆತ್ತಿಗೇರುತ್ತಿತ್ತು.

ಅಪ್ಪ ಬೆಂಚಿನ ಮೇಲೆ ಕೂತು ಹೊಸ ಬ್ರೆಡ್ಡನ್ನು ಬೆರಳಲ್ಲಿ ತಟ್ಟಿ ನೋಡಿ, ಬೆಂಕಿ ರಕ್ತದಲ್ಲೇ ಬರಬೇಕು, ಕಲಿತರೆ ಬರುವಂಥದ್ದಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ದೊಡ್ಡಾಸ್ಪತ್ರೆಯ ಕ್ಯಾಂಟೀನಿನ ಮೇಸ್ತ್ರಿ ದಿನವೂ ರೋಗಿಗಳಿಗೆ ಬೇಕಾಗುವ ಬ್ರೆಡ್ಡನ್ನೆಲ್ಲ ಇಲ್ಲಿಂದಲೇ ತರಿಸುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅದರಿಂದ. ಅವನೂ ಮಗ ಅಪ್ಪನನ್ನು ಮೀರಿಸಿದ ಎಂದ. ಅಣ್ಣ ನೆಲ ನೋಡಿದ.

ಆ ದಿನಗಳಲ್ಲೇ ಮೆಲ್ಲಿಗೆ ಒಂದು ಸಂಬಂಧ ಬಂತು. ಹುಡುಗ ತಕ್ಕಡಿ ರಿಪೇರಿ ಮಾಡುವವನು. ಅಂಗಡಿಯ ತಕ್ಕಡಿ ಸರಿಮಾಡಲು ಬಂದಿದ್ದಾಗ ತಟ್ಟೆಗಳನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ ಕೊಟ್ಟಿದ್ದ. ಮೆಲ್ಲಿಗೆ ಅದು ನೆನಪಿತ್ತು. ಅವನ ತಾಯಿ ಹುಡುಗಿಯನ್ನು ತಮ್ಮ ಮನೆಯಲ್ಲೇ ನೋಡಬೇಕೆಂದು ಹೇಳಿ ಕಳಿಸಿದಳು. ಅಮ್ಮ ಮೆಲ್ಲಿಯನ್ನು ಕರೆದುಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದಳು. ಬರುವಾಗ ಸಂಜೆಯಾಯಿತು. ಹುಡುಗನ ತಾಯಿ ಮೆಲ್ಲಿಯ ಕೈ ಹಿಡಿದು ತಿರುಗಿಸಿ, ಕೆಲಸ ಮಾಡಿದ ಕೈ, ಬಾಯಿ ಕಮ್ಮಿ, ನಮಗೆ ಇಷ್ಟೇ ಬೇಕಿತ್ತು ಎಂದಿದ್ದಳು. ದಾರಿಯುದ್ದಕ್ಕೂ ಅಮ್ಮನ ಮುಖ ಅರಳಿಯೇ ಇತ್ತು.

ಬೀದಿ ತಿರುಗುವಾಗಲೇ ವಾಸನೆ ಬಂತು. ಅಂಗಡಿಯ ಮುಂದೆ ಕಪ್ಪು ಬ್ರೆಡ್ಡಿನ ಬುಟ್ಟಿಗಳು. ಕ್ಯಾಂಟೀನಿನ ಗಾಡಿ ಖಾಲಿ ಹೋಗಿತ್ತು. ಅಣ್ಣ ಬಾವಿಯ ಕಲ್ಲಿನ ಮೇಲೆ ಮೊಣಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅತ್ತಿಗೆ ಇವರ ಚಪ್ಪಲಿ ಸದ್ದು ಕೇಳಿ ಓಡಿ ಬಂದು, ಒಳಗೆ ಹೋಗಬೇಡಿ, ಮಾವ ಕೂಗಾಡುತ್ತಿದ್ದಾರೆ ಎಂದಳು.

ರಾತ್ರಿ ಅಣ್ಣನ ಜೊತೆ ಊಟಕ್ಕೆ ಕೂರುವ ಹೊತ್ತಿಗೆ ಅಪ್ಪ ಕೂಗಿ ಕೂಗಿ ಸುಸ್ತಾಗಿದ್ದ. ಈಗ ಊಟದ ತಟ್ಟೆ ಮುಂದಿಟ್ಟುಕೊಂಡು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ನಿನ್ನೆವರೆಗೆ ಸರಿಯಾಗಿ ಬಂದದ್ದು ಇವತ್ತು ಯಾಕೆ ಬರಲಿಲ್ಲ? ಕುಡಿದಿದ್ದೆಯಾ? ನಿದ್ದೆ ಮಾಡಿದೆಯಾ? ಅಣ್ಣ ಒಂದು ತುತ್ತು ಕಲಸಿ, ತಿನ್ನದೆ, ಮತ್ತೆ ಕಲಸಿದ.

"ಇವತ್ತು ಮೆಲ್ಲಿ ಇರಲಿಲ್ಲ," ಎಂದ.

"ಅವಳಿಗೂ ಭಟ್ಟಿಗೂ ಏನೋ ಸಂಬಂಧ?"

"ಅವಳು ಕಿಂಡಿ ಹತ್ರ ತಟ್ತಾಳೆ. ತಟ್ಟಿದಾಗ ನಾನು ತೆಗೀತೀನಿ. ಅಷ್ಟೇ ಅಪ್ಪ. ನನಗೆ ಮೊದಲಿಂದಲೂ ಏನೂ ಗೊತ್ತಾಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮೆಲ್ಲಿಯ ತೋಳು ಹಿಡಿದುಕೊಂಡಳು. ಆ ತಟ್ಟುವ ಸದ್ದು ಅಪ್ಪನಿಗೂ ಕೇಳುತ್ತಿತ್ತು. ಹೆಂಗಸರು ಹಲಗೆ ಕೊಡವುತ್ತಾರೆ ಎಂದುಕೊಂಡಿದ್ದ. ಕೊನೆಗೆ ಕಾಣದ ಕಣ್ಣನ್ನು ಮಗನ ಕಡೆ ತಿರುಗಿಸಿದ.

"ಅಂದ್ರೆ ಹಿಟ್ಟು ಬೆಂಕಿಗೆ ಹೇಳಿಕೊಡ್ತಾ ಇತ್ತು. ನೀನು ಅದರ ಮಾತು ಕೇಳ್ಕೊಂಡು ಕುಣೀತಿದ್ದೆ."

"ಬ್ರೆಡ್ಡು ಸರಿಯಾಗಿ ಬರ್ತಿತ್ತಲ್ಲಪ್ಪ."

"ಬ್ರೆಡ್ಡು ಬರ್ತಿತ್ತು. ಮಾನ ಹೋಗ್ತಿತ್ತು."

ಮರುದಿನದಿಂದ ತಟ್ಟುವುದು ನಿಂತಿತು. ಅಪ್ಪ ತಾನೇ ಭಟ್ಟಿಯ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಮೆಲ್ಲಿಯನ್ನು ಕಿಂಡಿಯಿಂದ ಅಂಗಡಿಗೆ ಕಳಿಸಿದರು. ಅವಳು ಗಾಜಿನ ಕಪಾಟು ಒರೆಸುತ್ತಾ, ಎರಡು ಗೋಡೆ ದಾಟಿ ಬರುವ ವಾಸನೆಯನ್ನು ಮೂಗಿನಲ್ಲಿ ಹಿಡಿಯುತ್ತಾ, ಈಗ ತೆಗೆಯಬೇಕು, ಈಗ, ಈಗ ಎಂದುಕೊಳ್ಳುತ್ತಿದ್ದಳು. ಆಮೇಲೆ ಸುಟ್ಟ ವಾಸನೆ ಬರುತ್ತಿತ್ತು. ಹಿಂದುಗಡೆ ಅಪ್ಪನ ಕೂಗು.

ಅಣ್ಣ ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿಯೇಬಿಟ್ಟ. ಭಟ್ಟಿಗೆ ಹೊರಗಿನಿಂದ ಒಬ್ಬ ಆಳು ಇಡೋಣ, ನಾನು ಅಮ್ಮನ ಜೊತೆ ಹಿಟ್ಟು ನಾದುತ್ತೇನೆ, ಅವಳ ಸೊಂಟವೂ ಹೋಗಿದೆ ಎಂದ. ಅಪ್ಪ ನಕ್ಕ. ಬಹಳ ದಿನಗಳ ಮೇಲೆ ನಕ್ಕದ್ದು.

"ಹೋಗಪ್ಪ, ಹೋಗು. ಹೋಗೋ ಮುಂಚೆ ಹೆಂಡ್ತಿ ಹತ್ರ ಬಳೆ ಈಸ್ಕೊ."

ಅತ್ತಿಗೆ ಅಂದು ಊಟ ಮಾಡಲಿಲ್ಲ. ಅಮ್ಮ ನಾದುವಾಗ ಕತೆ ಹೇಳುವುದನ್ನೂ ಬಿಟ್ಟಿದ್ದಳು. ಹದ ತಪ್ಪುತ್ತಿತ್ತು, ಅದಕ್ಕೂ ಬೈಗುಳ ಸಿಗುತ್ತಿತ್ತು. ಮನೆಯಲ್ಲಿ ಬೆಳಗಿಗೂ ರಾತ್ರಿಗೂ ಕಪ್ಪು ಕೆತ್ತಿ ತೆಗೆದ ಬ್ರೆಡ್ಡೇ ಊಟವಾಯಿತು. ಸಾರಿನಲ್ಲಿ ಅದ್ದಿದರೂ ಕಹಿ ಹೋಗುತ್ತಿರಲಿಲ್ಲ. ಕ್ಯಾಂಟೀನಿನ ಮೇಸ್ತ್ರಿ ಬಂದು, ನಿಮ್ಮ ಮೇಲೆ ನನಗೆ ವಿಶ್ವಾಸವಿದೆ, ಆದರೆ ಹಾಸಿಗೆ ಹಿಡಿದವರಿಗೆ ಇದ್ದಿಲು ತಿನ್ನಿಸಲಾರೆ, ಈ ತಿಂಗಳು ನೋಡುತ್ತೇನೆ, ಆಮೇಲೆ ಮೆಷಿನ್ ಬ್ರೆಡ್ಡಿನವರಿಗೆ ಹೇಳುತ್ತೇನೆ ಎಂದ. ಅಪ್ಪನಿಗೆ ಅದು ಬಿಸಿತುಪ್ಪವಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಕೊನೆಗೆ ಒಂದು ಬೆಳಿಗ್ಗೆ ಅಪ್ಪ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದ. ಮೆಲ್ಲಿ ಕಪಾಟಿನ ಹಿಂದೆ ನಿಂತಿದ್ದಳು.

"ಹಿತ್ತಲ ಕಡೆಯಿಂದ ಬಾ," ಎಂದ.

ಅವಳಿಗೆ ಅರ್ಥವಾಗಲಿಲ್ಲ. ಒಳಗಿನಿಂದ ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅದು ಹೇಗೆ, ಕತೆಯಲ್ಲಿ ಏನಿದೆ, ನಿಮಗೆ ಮರೆತುಹೋಯಿತೇ ಎಂದು ತಡೆ ತಡೆದು ಕೇಳಿದಳು.

"ಹೆಣ್ಣು ಭಟ್ಟಿ ಮುಂದೆ ನಿಲ್ಲಬಾರದು ಅಂತ ಇದೆ. ಮಗ ನಿಲ್ಲಬಾರದು ಅಂತ ಇಲ್ಲವಲ್ಲ," ಎಂದ ಅಪ್ಪ. ಆಮೇಲೆ ಮೆಲ್ಲಿ ಇದ್ದ ಕಡೆಗೆ ಕೈ ಚಾಚಿ, ಅವಳ ತಲೆ ಎಲ್ಲಿದೆ ಎಂದು ಹುಡುಕಿ, ಮೇಲೆ ಕೈಯಿಟ್ಟ. "ಇವತ್ತಿಂದ ಇದು ನನ್ನ ಮಗ."

"ಸಂಬಂಧ ಬಂದಿದೆಯಲ್ಲ ಅವಳಿಗೆ. ಅವರು ಒಪ್ಪಿದಾರೆ."

"ಮಗನಿಗೆ ಗಂಡು ಹುಡುಕ್ತೀಯೇನೇ?"

ಅಮ್ಮ ಮೆಲ್ಲಿಯ ಮುಖ ನೋಡಿದಳು. ಬೇಡ ಎನ್ನು ಎಂಬಂತೆ ನೋಡಿದಳು. ಅಂಗಿಯ ತುದಿಯಿಂದ ತಟ್ಟೆ ಒರೆಸಿದ ಕೈಗಳು ಮೆಲ್ಲಿಯ ಕಣ್ಣ ಮುಂದೆ ಒಮ್ಮೆ ಬಂದು ಹೋದವು. ಅಷ್ಟರಲ್ಲಿ ಹಿಂದಿನಿಂದ ಹುಲ್ಲಿನ ವಾಸನೆ ವಾಲತೊಡಗಿತು. ಅವಳು ಹೊರಗೆ ಹೋಗಿ, ಮನೆ ಸುತ್ತಿಕೊಂಡು, ಹಿತ್ತಲ ದಾರಿಯಲ್ಲಿ ಓಡಿದಳು. ಅಣ್ಣನ ಕೈಯಿಂದ ಸಲಿಕೆ ತೆಗೆದುಕೊಂಡಳು. ಅವನು ಕೊಟ್ಟ. ಬಾಗಿಲು ತೆರೆದಾಗ ಬಿಸಿ ಅವಳ ಮುಖಕ್ಕೆ ಹೊಡೆಯಿತು, ಹುಬ್ಬು ಚುರುಗುಟ್ಟಿತು. ಅವಳು ಮುಖ ತಿರುಗಿಸಲಿಲ್ಲ.

ಅಂದಿನ ಬ್ರೆಡ್ಡು ಹೇಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಕ್ಯಾಂಟೀನಿನ ಗಾಡಿ ತುಂಬಿ ಹೋಯಿತು.

ಇಂಥ ಸುದ್ದಿ ಬೀದಿಯಲ್ಲಿ ಬಹಳ ಹೊತ್ತು ಅಡಗಿರುವುದಿಲ್ಲ. ವಾರದೊಳಗೆ ತಕ್ಕಡಿಯವನ ತಾಯಿ ಅಂಗಡಿಗೆ ಬಂದಳು. ಬನ್ನು ಕೊಳ್ಳಲು ಬಂದವಳಂತೆ ನಿಂತು, ನಿಮ್ಮ ಹುಡುಗಿ ಭಟ್ಟಿ ಮುಟ್ಟಿದಾಳಂತೆ, ಹೌದೇ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಹೌದು ಎಂದಳು. ಅವಳು ಬನ್ನು ಕಟ್ಟಿಸಿಕೊಂಡು, ನಮಗೆ ಒಬ್ಬನೇ ಮಗ, ಮೊಮ್ಮಕ್ಕಳ ಆಸೆ, ತಪ್ಪು ತಿಳಿಯಬೇಡಿ ಎಂದು ಹೋದಳು. ಇನ್ನು ಆ ಹೆಂಗಸಿಗೆ ತಾನೇ ಹೇಳಿದ್ದ ಕತೆಯನ್ನು ಅಮ್ಮ ಹೇಗೆ ಅಲ್ಲಗಳೆದಾಳು? ಸಂಬಂಧ ನೋಡಲು ಹೋಗಿದ್ದ ದಿನ, ನಮ್ಮ ಮನೆ ಹೆಣ್ಣುಮಕ್ಕಳು ಎಷ್ಟು ಕಟ್ಟುನಿಟ್ಟು ಎಂದು ತೋರಿಸಿಕೊಳ್ಳಲು ಅಮ್ಮನೇ ಆ ಕತೆಯನ್ನು ಅವರ ಮನೆಯಲ್ಲಿ ಪೂರಾ ಹೇಳಿ ಬಂದಿದ್ದಳು.

ಕತೆಯನ್ನು ಬಿಡುವುದು ಅಮ್ಮನಿಂದ ಆಗಲಿಲ್ಲ. ಅದಕ್ಕೊಂದು ತೇಪೆ ಹಾಕಿದಳು. ಮತ್ತೆ ನಾದುವ ಲಯ ಹಿಡಿದ ದಿನ ಮೆಲ್ಲಿ ಅದನ್ನು ಭಟ್ಟಿಯ ಕಡೆಯಿಂದ ಕೇಳಿದಳು. ಎಲ್ಲ ಹಳೆಯದೇ ಇತ್ತು. ಕತ್ತಲು, ಮುದ್ದೆ, ನಿಲ್ಲು ಎಂದ ಬೆಂಕಿ. ಆಮೇಲೆ ಹೊಸದು ಬಂತು. ಬೆಂಕಿಗೆ ವಯಸ್ಸಾಯಿತು, ಮಗನಿರಲಿಲ್ಲ. ಅದು ಹಿಟ್ಟಿನಿಂದ ಒಂದು ಚೂರು ಹರಿದುಕೊಂಡು, ನೀನು ಉಬ್ಬಬೇಡ ಎಂದಿತು. ಚೂರು, ಆಗಲಿ ಎಂದಿತು. ಅಂದಿನಿಂದ ಅದು ಉಬ್ಬಲಿಲ್ಲ, ಹುಳಿಯಾಗಲಿಲ್ಲ. ಬೆಂಕಿ ಅದನ್ನು ಸುಡಲಿಲ್ಲ.

ಅಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಉಪ್ಪು ಹಾಕಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಮೆಲ್ಲಿ ಸಲಿಕೆ ಹಿಡಿದು ನಿಂತಿದ್ದಳು. ಅಣ್ಣ ಬಾಗಿಲ ಬಳಿ ಸೌದೆ ಹೊತ್ತುಕೊಂಡು ನಿಂತಿದ್ದ. ಅವನೂ ಕೇಳಿಸಿಕೊಂಡ. ಸೌದೆಯನ್ನು ಸದ್ದಾಗದ ಹಾಗೆ ಒಂದೊಂದಾಗಿ ಕೆಳಗಿಟ್ಟ.

"ಕೇಳಿದೆಯಾ," ಎಂದ. "ಬೆಂಕಿಗೆ ಮಗ ಇರಲಿಲ್ಲವಂತೆ."

"ಅಮ್ಮ ಸುಮ್ಮನೆ ಹೇಳಿದ್ದು ಅಣ್ಣ."

"ಸುಮ್ಮನೆ ಅಲ್ಲ. ನಿನ್ನನ್ನ ಕೂರಿಸಬೇಕಾದ್ರೆ ನನ್ನ ಎಬ್ಬಿಸಲೇಬೇಕಲ್ಲ." ಅವನು ಅಂಗಿಯ ಹೊಟ್ಟು ಕೊಡವಿಕೊಂಡ. "ಮೇಲಕ್ಕೆ ಹತ್ತೋರಿಗೆ ಏಣಿ ಕೊಡ್ತಾರೆ ಮೆಲ್ಲಿ. ಇಳೀತೀನಿ ಅನ್ನೋನಿಗೆ ಕೊಡಲ್ಲ."

ಅವಳು ಸಲಿಕೆಯನ್ನು ಅವನ ಕಡೆ ಚಾಚಿದಳು. ಅವನು ನಗುತ್ತಾ ಬೇಡವೆಂದು ತಲೆಯಾಡಿಸಿದ. ಅವಳು ಒತ್ತಾಯ ಮಾಡಲಿಲ್ಲ. ಅವಳ ಕೈ ಆ ಹಿಡಿಯನ್ನು ಬಿಟ್ಟುಕೊಡುವಷ್ಟು ಸಡಿಲವಾಗಿರಲಿಲ್ಲ.

ಅಣ್ಣ ಪೇಟೆಯಾಚೆಯ ಒಂದು ಗೋದಾಮಿನಲ್ಲಿ ಕಾವಲುಗಾರನ ಕೆಲಸ ಹಿಡಿದ. ಅಲ್ಲೇ ಮಲಗುವ ಕೆಲಸ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನು ಪೆಟ್ಟಿಗೆ ಕಟ್ಟಿದ ದಿನ ಅತ್ತಿಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೆಲ್ಲಿ ಹತ್ತಿರ ಹೋಗಿ, ಹಿಂಡಲು ಒಂದು ತುದಿ ಹಿಡಿದಳು. ಅತ್ತಿಗೆ ಬಟ್ಟೆಯನ್ನು ಎಳೆದುಕೊಂಡಳು.

"ನಾನು ತಗೋಬೇಕು ಅಂತ ತಗೊಂಡಿದ್ದಲ್ಲ ಅತ್ತಿಗೆ," ಎಂದಳು ಮೆಲ್ಲಿ.

"ಬೇಕು ಅಂತಾನೇ ತಗೊಂಡೆ. ಊಟದ ಹೊತ್ತಲ್ಲಿ ನೀನು ಆ ಹಿಡಿ ಮುಟ್ಟಿ ಬರ್ತಿದ್ದದ್ದು ನಾನು ನೋಡಿಲ್ವಾ? ತಪ್ಪು ಅಂತ ಹೇಳ್ತಿಲ್ಲ. ನನ್ನ ಗಂಡ ಬೀದಿಗೆ ಬಿದ್ದ, ಅಷ್ಟೇ ಹೇಳ್ತಿರೋದು."

ಭಟ್ಟಿಯಲ್ಲಿ ಸಲಿಕೆ ತೂರಿಸುವಾಗ ಮೆಲ್ಲಿಯ ಎದೆ ಹಗುರವಾಗುತ್ತಿತ್ತು ಎಂಬುದು ಸುಳ್ಳಲ್ಲ. ಬೆಂಕಿ ಮುಟ್ಟಿದವರು ಹಿಟ್ಟು ಮುಟ್ಟಬಾರದೆಂದು ಅಪ್ಪ ಹೇಳಿದ್ದ, ಹಾಗಾಗಿ ಅವಳು ಹಿಟ್ಟಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಣ್ಣನ ಎರಡು ಅಂಗಿಗಳನ್ನು ಅಮ್ಮ ಅವಳ ಅಳತೆಗೆ ಕಿರಿದು ಮಾಡಿ ಹೊಲಿದು ಕೊಟ್ಟಳು. ಕಿಡಿ ಬಿದ್ದರೆ ಲಂಗ ಹತ್ತಿಕೊಳ್ಳುತ್ತದೆ ಎಂದು ಕಾರಣ ಹೇಳಿದಳು. ಅಂಗಿಯ ಬೆನ್ನಿನ ಮೇಲೆ ಎಷ್ಟು ದಿನವಾದರೂ ಹಿಟ್ಟಿನ ಬೆರಳು ಮೂಡುತ್ತಿರಲಿಲ್ಲ.

ಕ್ಯಾಂಟೀನಿನ ಮೇಸ್ತ್ರಿ ಮುಂದಿನ ವರ್ಷಕ್ಕೂ ಮಾತು ಕೊಟ್ಟುಹೋದ ಮಧ್ಯಾಹ್ನ ಅಪ್ಪನಿಗೆ ಖುಷಿಯಾಗಿತ್ತು. ಬೆಂಚಿನ ಮೇಲೆ ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, ಬಾ ಇಲ್ಲಿ ಎಂದ. ಅದುವರೆಗೆ ಅವಳು ಭಟ್ಟಿಯ ಬಳಿಯೇ ನಿಂತು ಒಂದಿಷ್ಟು ತಿಂದು ಮುಗಿಸುತ್ತಿದ್ದಳು. ಅಂದು ಕೈತೊಳೆದು ಬಂದು ಅಣ್ಣ ಕೂರುತ್ತಿದ್ದಲ್ಲಿ ಕೂತಳು. ಅತ್ತಿಗೆ ತಟ್ಟೆ ತಂದಿಟ್ಟಳು. ಅಮ್ಮ ಅನ್ನ ಬಡಿಸಿ, ಸಾರು ಬಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ನೀನೂ ಕೂತ್ಕೊ ಅಮ್ಮ," ಎಂದಳು ಮೆಲ್ಲಿ. "ಅತ್ತಿಗೇನೂ ಕರಿ. ಒಟ್ಟಿಗೆ ತಿನ್ನೋಣ."

"ಗಂಡಸರದ್ದು ಆಗಲಿ," ಎಂದಳು ಅಮ್ಮ. "ಆಮೇಲೆ ನಾವು."

ಅಪ್ಪ ಉಣ್ಣುತ್ತಾ ಸೌದೆಯ ಬಗ್ಗೆ ಮಾತಾಡಿದ. ಯಾವ ಮರ ಬೇಗ ಉರಿಯುತ್ತದೆ, ಯಾವುದು ಕಾವು ಹಿಡಿದಿಡುತ್ತದೆ ಎಂದು ಹೇಳಿದ. ಒಳ್ಳೆಯ ಮಾತುಗಳೇ, ಅವಳು ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತುಗಳು. ಅವಳೂ ಎರಡು ಪ್ರಶ್ನೆ ಕೇಳಿದಳು. ಅವನು ಉತ್ಸಾಹದಿಂದ ಉತ್ತರಿಸಿದ. ನಡುವೆ ಅಡುಗೆಮನೆಯಲ್ಲಿ ಅಮ್ಮ ಏನೋ ಅಂದಳು, ಅತ್ತಿಗೆ ಕಿಸಕ್ಕನೆ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು. ಏನೆಂದು ಮೆಲ್ಲಿಗೆ ಕೇಳಿಸಲಿಲ್ಲ. ನೀರಿಗೆಂದು ಅವಳು ಎದ್ದು ಬಾಗಿಲ ತನಕ ಹೋದಾಗ ಇಬ್ಬರೂ ಸುಮ್ಮನಾದರು. ಅತ್ತಿಗೆ ತಂಬಿಗೆ ತುಂಬಿ ಕೊಟ್ಟಳು. ಅವಳು ಅದನ್ನು ಹಿಡಿದುಕೊಂಡು ವಾಪಸು ಬಂದು ಕೂತಳು.

ಊಟವಾಯಿತು. ಅಪ್ಪ ಇನ್ನೂ ಮಾತಾಡುತ್ತಲೇ ಇದ್ದ. ಸಂಜೆಯ ಹಲಗೆ ಬರುವ ಹೊತ್ತಾಯಿತೆಂದು ಅವಳು ಲಗುಬಗೆಯಲ್ಲಿ ಎದ್ದು, ಕೈತೊಳೆದು, ಅಂಗಿಗೆ ಒರೆಸಿಕೊಂಡು, ಹಿತ್ತಲ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ನಿಂತಳು. ಹುಟ್ಟಿದಾಗಿನಿಂದ ಒಂದು ದಿನವೂ ಅವಳು ತಿಂದ ತಟ್ಟೆ ಬಿಟ್ಟು ಎದ್ದವಳಲ್ಲ.

ತಿರುಗಿ ಓಡಿಬಂದಳು. ಬೆಂಚಿನ ಮೇಲೆ ತಟ್ಟೆ ಇರಲಿಲ್ಲ. ತೊಟ್ಟಿಯ ಬಳಿ ಅತ್ತಿಗೆ ಕುಕ್ಕರಗಾಲಲ್ಲಿ ಕೂತು ಬೂದಿ ಹಚ್ಚಿ ಅದನ್ನು ಉಜ್ಜುತ್ತಿದ್ದಳು.

"ಕೊಡಿ ಅತ್ತಿಗೆ, ನಾನೇ ತೊಳೀತೀನಿ."

ಅತ್ತಿಗೆ ತಲೆಯೆತ್ತಲಿಲ್ಲ. ತಟ್ಟೆಯ ಮೇಲೆ ನೀರು ಹೊಯ್ದು, ಬೋರಲು ಹಾಕಿ, ಅಪ್ಪನ ತಟ್ಟೆಯನ್ನು ಕೈಗೆತ್ತಿಕೊಂಡಳು.

"ಇರಲಿ ಬಿಡು," ಎಂದಳು. "ನಿನ್ನ ಅಣ್ಣನೂ ಹೀಗೇ ಬಿಟ್ಟು ಏಳ್ತಿದ್ದ."